ನಾಲ್ಕು ಹಿತ್ತಾಳೆ ಸ್ಕ್ರೂ

"ಮೇಡಂ, ನೀವು ಇಲ್ಲಿ ತಣ್ಣಗೆ ಕೂತು ಬಣ್ಣ ನೋಡ್ತಾ ಇರಿ. ಇಂಜಿನ್ನು, ಸಸ್ಪೆನ್ಷನ್ನು ಅವೆಲ್ಲ ನಿಮಗ್ಯಾಕೆ ತಲೆನೋವು? ಸಾಹೇಬ್ರಿಗೆ ನಾನು ಹೇಳ್ತೀನಿ," ಎಂದು ಮುರಳಿ ಬಣ್ಣಬಣ್ಣದ ಚರ್ಮದ ತುಂಡುಗಳ ಗೊಂಚಲೊಂದನ್ನು ನಸೀಬಾಳ ಕೈಗಿಟ್ಟ.

ನಸೀಬಾ ತೆಗೆದುಕೊಂಡಳು. ಅದನ್ನು ಅವನ ಮುಖಕ್ಕೇ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಅತ್ತಿಗೆಯಿಂದ ಕಡ ತಂದಿದ್ದ ಕಲ್ಲು ಕೂರಿಸಿದ ಬುರ್ಖಾದೊಳಗೆ ಬೆವರು ಬೆನ್ನಿನುದ್ದಕ್ಕೂ ಇಳಿಯುತ್ತಿತ್ತು. ಇವನಂಥವರು ಹುಟ್ಟುವ ಮೊದಲೇ ವ್ಯಾನಿನ ಅಡಿಗೆ ಗೋಣಿಚೀಲ ಹಾಸಿಕೊಂಡು ಮಲಗಿ ಕೆಲಸ ಕಲಿತವಳು ಅವಳು. ಹಳ್ಳಿಯ ಸರ್ಕಾರಿ ಶಾಲೆಯಿಂದ ಡಿಪ್ಲೊಮಾಕ್ಕೆ, ಡಿಪ್ಲೊಮಾದಿಂದ ಇಂಜಿನಿಯರಿಂಗಿಗೆ ಒಂದೊಂದೇ ಮೆಟ್ಟಿಲು ಗುದ್ದಾಡಿ ಹತ್ತಿದವಳು. ಈಗ ಚರ್ಮದ ಬಣ್ಣ ಆರಿಸಬೇಕಂತೆ.

ಅತ್ತ ಮುರಳಿಯ ಜೊತೆ ಮೊಹ್ಸಿನ್ ಎದೆ ಉಬ್ಬಿಸಿಕೊಂಡು ನಡೆಯುತ್ತಿದ್ದ. ನಿಜ ಹೇಳಬೇಕೆಂದರೆ ಅವನು ಅವಳ ಕಂಪನಿಯ ಡ್ರೈವರು. ಇವತ್ತಿನ ಮಟ್ಟಿಗೆ ಸಾಗರದ ಕಾಳುಮೆಣಸಿನ ದೊಡ್ಡ ವ್ಯಾಪಾರಿ, ನಸೀಬಾಳ ಗಂಡ. ದಾರಿಯಲ್ಲಿ ಅವಳು ನಾಲ್ಕು ಪ್ರಶ್ನೆ ಬಾಯಿಪಾಠ ಮಾಡಿಸಿದ್ದಳು. ಇಂಜಿನ್ನಿನ ಟಾರ್ಕ್, ಅಂದರೆ ಎಳೆಯುವ ಶಕ್ತಿ, ಎಷ್ಟು ಅಂತ ಕೇಳು, ದೊಡ್ಡ ಗಿರಾಕಿ ಅಂದುಕೊಳ್ಳುತ್ತಾರೆ ಎಂದಿದ್ದಳು.

"ಇದರದ್ದು ಡಾರ್ಕ್ ಎಷ್ಟು ಬರುತ್ತೆ?" ಎಂದು ಮೊಹ್ಸಿನ್ ಗಂಭೀರವಾಗಿ ಕೇಳುವುದು ಅವಳ ಕಿವಿಗೆ ಬಿತ್ತು.

"ಗಾಜನ್ನ ಎಷ್ಟು ಬೇಕಾದ್ರೂ ಡಾರ್ಕ್ ಮಾಡಿ ಕೊಡ್ತೀವಿ ಸಾಹೇಬ್ರೆ. ಒಳಗೆ ಯಾರು ಕೂತಿದಾರೆ ಅಂತ ದೇವರಿಗೂ ಕಾಣಬಾರದು."

ನಸೀಬಾ ಚರ್ಮದ ಗೊಂಚಲನ್ನು ಮುಖಕ್ಕೆ ಹಿಡಿದುಕೊಂಡಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಶಿವಮೊಗ್ಗದ ನವುಲೆಯಾಚೆ ಇರುವ ಅವಳ ಕಂಪನಿಯ ಹೆಸರು ಮೇನೆ ಮೋಟಾರ್ಸ್. ಈಗ ಅವಳು ನಿಂತಿದ್ದ ಭದ್ರಾವತಿಯ ಶೆಡ್ಡು ರಾಜಯೋಗ ಮೋಟಾರ್ಸಿನದು. ಎರಡಕ್ಕೂ ಹಾವು ಮುಂಗುಸಿಯ ಸಂಬಂಧ. ಎರಡರ ಕೆಲಸವೂ ಒಂದೇ: ದೊಡ್ಡ ವ್ಯಾನು ತಂದು, ಒಳಗಿದ್ದ ಸೀಟುಗಳನ್ನೆಲ್ಲ ಕಿತ್ತೆಸೆದು, ಮೈ ಕೊಯ್ದು ಉದ್ದ ಮಾಡಿ, ಒಳಗೊಂದು ಅರಮನೆ ಕಟ್ಟುವುದು. ತಿರುಗುವ ಸೀಟು, ಫ್ರಿಜ್ಜು, ಕಾಲು ಚಾಚಲು ಮೆತ್ತೆ, ಕಿಟಕಿಗೆ ರೇಷ್ಮೆ ಪರದೆ. ಕಂಟ್ರಾಕ್ಟರುಗಳು, ಮಠದವರು, ಮಂಡಿಯ ಸಾಹುಕಾರರು ಸಾಲುಗಟ್ಟಿ ನಿಂತು ಕೊಳ್ಳುತ್ತಿದ್ದರು. ಎರಡೂ ಕಂಪನಿಯ ಬೋರ್ಡಿನ ಮೇಲೆ 'ಲಕ್ಷುರಿ ಕಾರು ತಯಾರಕರು' ಎಂದೇ ಇತ್ತು.

ಹೀಗೆ ವೇಷ ಹಾಕುವ ಉಪಾಯ ಮೇನೆಯ ಮಾಲೀಕ ಲಕ್ಷ್ಮೀಕಾಂತನದು. ರಾಜಯೋಗದವರು ವ್ಯಾನಿನ ಚಾವಣಿಯಲ್ಲಿ ನಕ್ಷತ್ರ ಮಿನುಗಿಸುತ್ತಾರಂತೆ, ತಂತಿ ಎಲ್ಲಿಂದ ಎಳೆದಿದ್ದಾರೆ ನೋಡಿಕೊಂಡು ಬನ್ನಿ ಎಂದಿದ್ದ.

"ಇಂಜಿನಿಯರ್ ಅಂತ ಗೊತ್ತಾದ್ರೆ ಗೇಟಿನ ಒಳಗೇ ಬಿಡಲ್ಲ ಸರ್," ಎಂದಿದ್ದಳು ನಸೀಬಾ.

"ಇಂಜಿನಿಯರ್ ಅಂತ ಯಾಕೆ ಹೋಗ್ತೀರಿ? ಹೆಂಡತಿ ಅಂತ ಹೋಗಿ. ಹೆಂಗಸನ್ನ ಯಾರು ಲೆಕ್ಕಕ್ಕೆ ತಗೋತಾರೆ?"

ಅವಳು ಆಗಲ್ಲ ಎಂದು ಎರಡು ಸಲ ಹೇಳಿದಳು. ಆಗಲ್ಲ ಅನ್ನುವವರ ಜಾಗಕ್ಕೆ ಆಗುತ್ತೆ ಅನ್ನುವವರು ಬಹಳ ಜನ ಇದ್ದಾರೆ ಎಂದು ಅವನು ಒಂದೇ ಸಲ ಹೇಳಿದ. ಮನೆಯಲ್ಲಿ ಅವಳ ಗಂಡ ಹಯಾತ್ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ನನ್ನ ಹೆಂಡತಿ ಆಗಿರೋದಕ್ಕೆ ನಾನು ಒಂದು ದಿನಾನೂ ಸಂಬಳ ಕೊಟ್ಟಿಲ್ಲ ಅಂತ ಅಲ್ಲಿ ಹೇಳ್ಬೇಡ ಮಾರಾಯ್ತಿ!" ನಸೀಬಾ ನಗಲಿಲ್ಲ. ಮೈಯುರಿಯಿಂದಲೇ ಬಂದಿದ್ದಳು, ಮೈಯುರಿಯಲ್ಲೇ ಕೂತಿದ್ದಳು.

ಮುರಳಿ ವಾಪಸ್ ಬಂದ. "ಬನ್ನಿ ಮೇಡಂ, ಶೆಡ್ಡಿನ ಒಳಗೆ ತೋರಿಸ್ತೀನಿ. ಸ್ವಲ್ಪ ಧೂಳು. ಬಟ್ಟೆ ಹುಷಾರು."

ಶೆಡ್ಡು ಹಳೆಯದು. ಎತ್ತರದ ಕಬ್ಬಿಣದ ತೊಲೆಗಳು, ಒಡೆದ ಗಾಜಿನ ಕಿಟಕಿಗಳು. ಮೂಲೆಯಲ್ಲಿ ಇಬ್ಬರು ವೆಲ್ಡರುಗಳು ತಮಿಳಿನಲ್ಲಿ ಜಗಳವಾಡುತ್ತ ಒಂದು ಬಾಗಿಲ ಚೌಕಟ್ಟನ್ನು ಕೂಡಿಸುತ್ತಿದ್ದರು. ಜಗಳ ಜೋರಿತ್ತು, ಕೈ ಮಾತ್ರ ಅಲುಗುತ್ತಿರಲಿಲ್ಲ. ಬೆಸುಗೆಯ ಗೆರೆ ಸಣ್ಣ ಮಣಿ ಪೋಣಿಸಿದಂತೆ ನೇರವಾಗಿ ಬರುತ್ತಿತ್ತು. ಒಳ್ಳೆಯ ಕೆಲಸಗಾರರು ಅಂದುಕೊಂಡಳು ನಸೀಬಾ. ಅಷ್ಟರಲ್ಲಿ ನಡುವೆ ನಿಂತಿದ್ದ ಮುತ್ತಿನ ಬಣ್ಣದ ವ್ಯಾನು ಕಾಣಿಸಿತು. ಬಾಗಿಲು ತೆರೆದಿತ್ತು. ಒಳಗೆ ಒಂದು ಸೀಟು.

ಅದು ಅವಳ ಸೀಟು.

ಬೆನ್ನಿನ ಬಾಗು ಅವಳದು. ಕೈಯೊರಗಿನ ತುದಿಯಲ್ಲಿ ಆನೆಯ ಸೊಂಡಿಲಿನಂತೆ ಒಳಕ್ಕೆ ಸುತ್ತಿದ ಮಡಿಕೆ ಅವಳದು. ಸೀಟಿನ ಕಾಲಿಗೆ ಅಡಿಯಾಗಿ ಅದೇ ಸಾಗುವಾನಿ ಹಲಗೆ, ಹಲಗೆಯ ನಾಲ್ಕು ಮೂಲೆಗೆ ಅದೇ ನಾಲ್ಕು ಹಿತ್ತಾಳೆ ಸ್ಕ್ರೂ. ಫಳಫಳ ಹೊಳೆಯುತ್ತಿದ್ದವು. ಹೋದ ವರ್ಷ ಯಾರೋ ಗಂಡ ಹೆಂಡತಿ ಗಿರಾಕಿಗಳೆಂದು ಮೇನೆಗೆ ಬಂದು, ಸೀಟಿನ ಮೇಲೆ ಕೂತು, ಮಲಗಿ, ತಿರುಗಿ, ನೂರಾರು ಫೋಟೋ ಹೊಡೆದುಕೊಂಡು ಹೋಗಿದ್ದರು. ಮತ್ತೆ ಬರಲೇ ಇಲ್ಲ. ಅವರು ಯಾರೆಂದು ಈಗ ಗೊತ್ತಾಯಿತು.

"ಇದು ನಮ್ಮ ಸ್ವಂತ ಡಿಸೈನು ಮೇಡಂ," ಎಂದ ಮುರಳಿ. "ಇಡೀ ಕರ್ನಾಟಕದಲ್ಲಿ ಬೇರೆ ಎಲ್ಲೂ ಸಿಗಲ್ಲ."

"ಹೌದಾ?" ಎಂದಳು ನಸೀಬಾ. ಆ ಎರಡಕ್ಷರ ಹೊರಡಿಸಲು ಅವಳಿಗೆ ಬಹಳ ಕಷ್ಟವಾಯಿತು. ಮೊಹ್ಸಿನ್ ಪಕ್ಕದಿಂದ ಅವಳ ಮುಖ ನೋಡಿ, ಗಂಡನ ಠೀವಿ ಬಿಟ್ಟು, ಸಣ್ಣ ಧ್ವನಿಯಲ್ಲಿ, "ನಕ್ಕೋ, ನಕ್ಕೋ," ಎಂದು ಬೇಡಿಕೊಂಡ. ಬೇಡ, ಬೇಡ. ಅವಳ ಸಿಟ್ಟು ಅವನಿಗೆ ಗೊತ್ತು.

ಆ ಸೀಟಿಗಾಗಿ ಅವಳು ಲಕ್ಷ್ಮೀಕಾಂತನ ಜೊತೆ ಒಂದು ಬೇಸಿಗೆಯಿಡೀ ಜಗಳವಾಡಿದ್ದಳು. ಸೀಟಿನ ಬೆಲ್ಟು ಸೀಟಿಗೇ ಇರುವುದರಿಂದ ಸೀಟು ಕಿತ್ತು ಬಂದರೆ ಕೂತವರೂ ಅದರ ಜೊತೆಗೇ ಹೋದಂತೆ. ಹಾಗಾಗಿ ನೆಲದ ಅಡಿಗೆ, ವ್ಯಾನಿನ ಬೆನ್ನೆಲುಬಾದ ಚಾಸಿಗೇ ಉಕ್ಕಿನ ಚೌಕಟ್ಟು ಬೆಸೆಯಬೇಕು, ಸೀಟಿನ ಕಾಲನ್ನು ಹೆಬ್ಬೆರಳು ಗಾತ್ರದ ಬೋಲ್ಟಿನಿಂದ ಅದಕ್ಕೆ ಬಿಗಿಯಬೇಕು ಎಂದು ಹಟ ಹಿಡಿದಳು. ಭಾರ ಜಾಸ್ತಿ, ಖರ್ಚು ಜಾಸ್ತಿ, ಯಾರಿಗೆ ಕಾಣುತ್ತೆ ಎಂದ ಅವನು. ಮರಳು ಮೂಟೆಗೆ ಬೆಲ್ಟು ಬಿಗಿದು ಕೂರಿಸಿ, ಖಾಲಿ ರಸ್ತೆಯಲ್ಲಿ ಮೊಹ್ಸಿನ್ ಕೈಲಿ ಬ್ರೇಕು ಹೊಡೆಸಿ ತೋರಿಸಿದ ಮೇಲೆ ಸುಮ್ಮನಾದ. ಬೋಲ್ಟಿನ ತಲೆ ಮೇಲೆ ಕಾಣುವುದು ಅಸಹ್ಯ ಎಂದು ಸಾಗುವಾನಿ ಹಲಗೆಯೊಂದನ್ನು ಮುಚ್ಚಳದ ಹಾಗೆ ಇಡಿಸಿ, ಅದರ ಮೂಲೆಗಳಿಗೆ ಹಿತ್ತಾಳೆ ಸ್ಕ್ರೂ ಹಾಕಿಸಿದ್ದು ಮಾತ್ರ ಅವನೇ. ರಾಜಗಾಂಭೀರ್ಯ ಬರುತ್ತದಂತೆ. ಆ ಸ್ಕ್ರೂಗಳು ಹಿಡಿದಿದ್ದುದು ಹಲಗೆಯನ್ನು. ಸೀಟಿಗೂ ಅವಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಆಗ ಅಂಗಳದಲ್ಲಿ ಗದ್ದಲವಾಯಿತು. ವ್ಯಾನಿನ ಯಜಮಾನರು ಬಂದಿದ್ದರು. ಚನ್ನಗಿರಿ ಕಡೆಯ ಕಂಟ್ರಾಕ್ಟರ್ ಶಿವಯೋಗಿ, ಅವನ ತಾಯಿ ಉಚ್ಚಂಗಮ್ಮ, ನಾಲ್ಕೈದು ವರ್ಷದ ಒಬ್ಬಳು ಮಗಳು. ರಾಜಯೋಗದ ಮಾಲೀಕ ಶಶಿಧರ್ ತಾನೇ ಓಡಿಬಂದು ಕೈ ಮುಗಿದ. ಪೂಜೆ ಮುಗಿಸಿ, ಇಲ್ಲಿಂದಲೇ ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗುವುದು ಅವರ ಏರ್ಪಾಡು. ಬಟ್ಟೆಯ ಚೀಲ, ಬುತ್ತಿಯ ಡಬ್ಬ ಎಲ್ಲ ಬಂದಿತ್ತು.

ಶಶಿಧರನಿಗೆ ಹೊಸ ಗಿರಾಕಿಗಳ ಮುಂದೆ ಹಳೆ ಗಿರಾಕಿಯನ್ನು ಮೆರೆಸುವ ಆಸೆ. "ಬನ್ನಿ ಸಾಹೇಬ್ರೆ, ಬನ್ನಿ ಮೇಡಂ. ನಮ್ಮ ಗಾಡಿ ತಗೊಂಡೋರ ಸಂತೋಷ ನೀವೇ ನೋಡಿ."

ಉಚ್ಚಂಗಮ್ಮ ವ್ಯಾನು ಹತ್ತಿ ಸೀಟಿನ ಮೇಲೆ ಕೂತು, ಮುದುಡಿದ ಬೆರಳುಗಳಿಂದ ಚರ್ಮವನ್ನು ಸವರಿ, ಎದ್ದು, ನಸೀಬಾಳನ್ನು ಕರೆದಳು. "ಬಾರವ್ವ, ನೀನೂ ಒಂದಿಷ್ಟು ಕುಂತ್ಕ. ನೋಡಾಕೆ ಬಂದೀಯ, ಕುಂತು ನೋಡು. ಎಮ್ಮೆ ಕರ ಇದ್ದಂಗೈತೆ, ಮೆತ್ತಗೆ."

ನಸೀಬಾ ಕೂತಳು. ಕೂತು, ಅಭ್ಯಾಸಬಲದಿಂದ, ಪಾದ ಊರಿ ಸೀಟನ್ನು ಹಿಂದಕ್ಕೊಮ್ಮೆ ಒತ್ತಿದಳು. ಕೆಳಗೆ ಮರ ಕಿರುಗುಟ್ಟಿತು.

ಉಕ್ಕು ಹಾಗೆ ಕಿರುಗುಟ್ಟುವುದಿಲ್ಲ.

ಇನ್ನೊಮ್ಮೆ ಒತ್ತಿದಳು. ಹಲಗೆಯ ಮುಂಭಾಗ ಕೂದಲೆಳೆಯಷ್ಟು ಎದ್ದು ಕೂತಿತು. ಅವಳ ಸಿಟ್ಟು ಒಂದು ಗಳಿಗೆ ಆರಿಹೋಯಿತು. ಇಳಿದು, ಕೈಯ ಚರ್ಮದ ಗೊಂಚಲನ್ನು ಬೇಕೆಂದೇ ಬೀಳಿಸಿ, ಹೆಕ್ಕುವ ನೆಪದಲ್ಲಿ ವ್ಯಾನಿನ ಅಡಿಗೆ ಬಗ್ಗಿದಳು. ಅಲ್ಲಿ ಇರಬೇಕಾದ ಉಕ್ಕಿನ ಚೌಕಟ್ಟು ಇರಲಿಲ್ಲ. ಬೋಲ್ಟಿನ ತಲೆಯೊಂದೂ ಇರಲಿಲ್ಲ. ನುಣ್ಣಗೆ ಬಳಿದ ಕಪ್ಪು ಬಣ್ಣ, ಅಷ್ಟೇ. ಫೋಟೋ ಹೊಡೆದುಕೊಂಡು ಹೋದವರಿಗೆ ಮೇಲಿನಿಂದ ಏನು ಕಂಡಿತ್ತೋ ಅದನ್ನು ಅಚ್ಚುಕಟ್ಟಾಗಿ ಮಾಡಿದ್ದರು. ಸೀಟನ್ನು ಹಲಗೆಗೆ ಜೋಡಿಸಿ, ಹಲಗೆಯನ್ನು ಪ್ಲೈವುಡ್ ನೆಲಕ್ಕೆ ನಾಲ್ಕು ಹಿತ್ತಾಳೆ ಸ್ಕ್ರೂ ಹಾಕಿ ತಿರುಪಿದ್ದರು. ಗೋಡೆಗೆ ಕ್ಯಾಲೆಂಡರು ತೂಗುಹಾಕಿದ ಹಾಗೆ.

"ಒಂದು ಫೋನ್ ಮಾಡ್ಬೇಕು," ಎಂದು ಹೇಳಿ ಅವಳು ಶೆಡ್ಡಿನ ಹಿಂದಕ್ಕೆ ಹೋದಳು.

"ಏನಾಯ್ತು? ನಕ್ಷತ್ರ ನೋಡಿದ್ರಾ?" ಎಂದ ಲಕ್ಷ್ಮೀಕಾಂತ.

"ಸರ್, ನಮ್ಮ ಸೀಟನ್ನ ಕದ್ದಿದಾರೆ. ಆದ್ರೆ ಕೆಳಗೆ ಫ್ರೇಮೇ ಇಲ್ಲ. ಪ್ಲೈವುಡ್ಡಿಗೆ ನಾಲ್ಕು ಸ್ಕ್ರೂ. ಜೋರಾಗಿ ಬ್ರೇಕ್ ಹಾಕಿದ್ರೆ ಸೀಟು ಕೂತವರ ಸಮೇತ ಮುಂದಿನ ಗಾಜಿಗೆ ಹೋಗುತ್ತೆ."

ಆ ಕಡೆಯಿಂದ ನಗು ಕೇಳಿಸಿತು. ಮನಸಾರೆ ನಗು. "ಶೋಕಿ ಸ್ಕ್ರೂನ ನಿಜ ಅಂದ್ಕೊಂಡ್ರಾ? ಶಶಿಧರ ಎಂಥ ಬೃಹಸ್ಪತಿ ನೋಡಿ! ಆಗ್ಲಿ ಬಿಡಿ, ಕದ್ದೋರಿಗೆ ಬುದ್ಧಿ ಬರ್ಲಿ."

"ಸರ್, ಗಾಡಿ ಈಗ ಡೆಲಿವರಿ ಆಗ್ತಿದೆ. ಘಾಟಿ ಇಳೀತಾರೆ. ವಯಸ್ಸಾದವರಿದಾರೆ, ಒಂದು ಮಗು ಇದೆ."

"ನಸೀಬಾ, ಸ್ವಲ್ಪ ವ್ಯಾಪಾರದ ತಲೆ ಓಡಿಸಿ. ಅವರ ಗಾಡಿ ಎಲ್ಲೋ ಒಂದು ಕಡೆ ಹೀಗಾಯ್ತು ಅಂದ್ರೆ ನಮಗೆ ಆಮೇಲೆ ಜಾಹೀರಾತೇ ಬೇಡ."

ಅವಳಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೋ ಇಲ್ಲವೋ ಎಂಬ ಅನುಮಾನ ಬಂತು. "ಏನಂದ್ರಿ?"

"ನೀವು ಕೇಳಿದ್ದೇ ಅಂದೆ. ಬಾಯಿ ಬಿಡಬೇಡಿ. ನಮ್ಮ ಫ್ರೇಮಿನ ವಿಷಯ ಅವರಿಗೆ ಗೊತ್ತಾಯ್ತೋ, ನಾಳೆಯಿಂದ ನವುಲೆ ಕಡೆ ತಲೆ ಹಾಕಬೇಡಿ. ಮೊಹ್ಸಿನ್‌ಗೂ ಹೇಳಿ."

ನಸೀಬಾ ಫೋನನ್ನು ಕಿವಿಯಿಂದ ತೆಗೆದು ನೋಡಿದಳು, ಅದರೊಳಗಿಂದ ಏನೋ ಹೊಲಸು ಸೋರಿದಂತೆ. ಇವನು ಕದಿಯಲು ಕಳಿಸಿದ, ಅವನು ಆಗಲೇ ಕದ್ದಿದ್ದ. ಇಬ್ಬರೂ ಹಣೆಗೆ ಕುಂಕುಮ ಇಟ್ಟುಕೊಂಡು ಗಿರಾಕಿಗೆ ಕೈಮುಗಿಯುತ್ತಾರೆ. ಇಷ್ಟು ವರ್ಷ ಇಂಥವನ ಉಪ್ಪು ತಿಂದೆನಲ್ಲ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಅಂಗಳದಲ್ಲಿ ಗಂಟೆ ಬಾರಿಸುತ್ತಿತ್ತು.

ಅವಳು ಓಡಿ ಬರುವಷ್ಟರಲ್ಲಿ ಅಂಗಳಕ್ಕೆ ತಂದಿದ್ದ ವ್ಯಾನಿಗೆ ಚೆಂಡುಹೂವಿನ ಹಾರ ಬಿದ್ದಿತ್ತು. ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಿದ್ದರು. ರಾಜಯೋಗದ ಡ್ರೈವರು ಮಧು ಸ್ಟೇರಿಂಗು ಮುಟ್ಟಿ ನಮಸ್ಕಾರ ಮಾಡುತ್ತಿದ್ದ. ಹಿಂದೆ, ಆ ಸೀಟಿನ ಮೇಲೆ, ಮೊಮ್ಮಗಳನ್ನು ಕೂರಿಸಿ ಉಚ್ಚಂಗಮ್ಮ ಬೆಲ್ಟು ಹಾಕಿದ್ದಳು. ಮಗು ದೊಡ್ಡ ಸೀಟಿನೊಳಗೆ ಬಟ್ಟಲಲ್ಲಿಟ್ಟ ಬೆಣ್ಣೆಯುಂಡೆಯ ಹಾಗೆ ಕೂತು ಎಲ್ಲರಿಗೂ ಕೈ ಬೀಸುತ್ತಿತ್ತು.

ಗಾಡಿ ಹೊಸದು, ಮಧುವಿನ ಕಾಲಿಗೆ ಒಗ್ಗಿರಲಿಲ್ಲ. ಛಕ್ಕನೆ ಹಾರಿತು. ನಿಂಬೆಹಣ್ಣು ಪಚಕ್ಕೆಂದವು. ಮುಂದೆ ಜನ ನಿಂತಿದ್ದರಿಂದ ಅವನು ಗಾಬರಿಯಿಂದ ಬ್ರೇಕು ತುಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ನಸೀಬಾಳ ಕಣ್ಣು ಸೀಟಿನ ಅಡಿಯಲ್ಲಿತ್ತು. ಹಲಗೆ ಹಿಂದಿನಿಂದ ಒಂದು ಬೆರಳಿನಷ್ಟು ಎದ್ದು, ಟಪ್ಪೆಂದು ಕೂತಿತು. ಒಂದು ಸ್ಕ್ರೂ ಓರೆಯಾಗಿ ತಲೆ ಎತ್ತಿತ್ತು.

"ನಿಲ್ಸಿ! ಮಗೂನ ಇಳಿಸಿ! ಮೊದಲು ಮಗೂನ ಇಳಿಸಿ!"

"ಆಪಾ! ನಕ್ಕೋ ಆಪಾ!" ಎಂದು ಮೊಹ್ಸಿನ್ ಕೂಗಿಬಿಟ್ಟ.

ಕೂಗಿದ ಮೇಲೆ ಅವನಿಗೆ ಗೊತ್ತಾಯಿತು. ಬಾಯಿ ಮುಚ್ಚಿಕೊಂಡ. ಅಷ್ಟರಲ್ಲಿ ಮುರಳಿ ತಿರುಗಿದ್ದ. ಅವನು ಹಳೇನಗರದಲ್ಲಿ ಸಾಬರ ಹುಡುಗರ ಜೊತೆ ಗೋಲಿ ಆಡಿ ಬೆಳೆದವನು. ಆಪಾ ಅಂದರೆ ಅಕ್ಕ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಆಪಾನಾ? ಕಟ್ಕೊಂಡ ಹೆಂಡತಿಗೆ ಯಾರ್ರೀ ಆಪಾ ಅಂತಾರೆ?" ಮುರಳಿ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. "ಯಾರ್ರೀ ನೀವು?"

"ನಸೀಬಾ. ಮೇನೆ ಮೋಟಾರ್ಸ್ ಇಂಜಿನಿಯರು. ಇವನು ನಮ್ಮ ಡ್ರೈವರು. ಸಾಕಾ? ಈಗ ಮಗು ಇಳಿಸ್ತೀರೋ ಇಲ್ವೋ?"

ಶಶಿಧರನ ಮುಖ ಕೆಂಪಾಯಿತು. "ಕಳ್ಳತನಕ್ಕೆ ಬಂದಿದೀರ! ನಾಚಿಕೆ ಆಗಲ್ವಾ? ಹೆಂಗಸು ಅಂತ ಸುಮ್ನಿದೀನಿ. ಲಕ್ಷ್ಮೀಕಾಂತ ಈ ಮಟ್ಟಕ್ಕೆ ಇಳಿದನಾ?"

"ಹೌದು, ಕಳ್ಳತನಕ್ಕೇ ಬಂದೆ. ನಾಚಿಕೆಯಾಗುತ್ತೆ. ಆಮೇಲೆ ಎಷ್ಟು ಬೇಕೋ ಅಷ್ಟು ಬೈರಿ, ನಿಂತು ಬೈಸ್ಕೋತೀನಿ. ಈ ಸೀಟು ಕಿತ್ತು ಬರುತ್ತೆ ಕಣ್ರೀ! ಕೆಳಗೆ ಹಿಡಿಯೋಕೆ ಏನೂ ಇಲ್ಲ!"

ಶಿವಯೋಗಿ ಮುಂದೆ ಬಂದ. ಅವನಿಗೆ ಎಲ್ಲರ ಮೇಲೂ ಕೋಪ. "ಇದೆಲ್ಲ ಏನಮ್ಮ ನಾಟಕ? ರಾಹುಕಾಲ ಬರೋದ್ರೊಳಗೆ ಹೊರಡ್ಬೇಕು ನಾವು. ನಿಮ್ಮ ಕಂಪನಿ ಗಾಡಿ ಮಾರೋಕೆ ಇವರ ಗಾಡಿಗೆ ಹೆಸರು ಇಡ್ತೀರಾ? ಸುಳ್ಳು ಹೇಳ್ಕೊಂಡು ಒಳಗೆ ಬಂದೋರ ಮಾತು ನಾನು ಯಾಕೆ ನಂಬಲಿ?"

ಬೆಳಿಗ್ಗೆಯಿಂದ ತೊಟ್ಟಿದ್ದ ಸುಳ್ಳು ಈಗ ಮೈಗೆ ಅಂಟಿಕೊಂಡಿತ್ತು, ಅತ್ತಿಗೆಯ ಬುರ್ಖಾದ ಹಾಗೆ. ನಿಜ ಹೇಳುತ್ತಿದ್ದಳು, ಕೇಳುವ ಕಿವಿಯೊಂದೂ ಇರಲಿಲ್ಲ. ಮುರಳಿ ಸೆಕ್ಯುರಿಟಿಯವನನ್ನು ಕೂಗಿದ. ಮಧು ಹಾರನ್ನು ಒತ್ತಿದ. ಮಗು ಅದಕ್ಕೂ ನಕ್ಕಿತು.

ನಸೀಬಾ ಉಚ್ಚಂಗಮ್ಮನ ಮುಂದೆ ಹೋಗಿ ನಿಂತಳು. "ಅಮ್ಮಾ, ನನ್ನ ಮಾತು ನಂಬಬೇಡಿ. ಮಗೂನ ಎತ್ಕೊಳ್ಳಿ, ಅಷ್ಟೇ. ನಾನು ಆ ಸೀಟನ್ನ ಒಂದೇ ಒಂದು ಸಲ ಎಳೀತೀನಿ. ಬರಲಿಲ್ಲ ಅಂದ್ರೆ ಪೊಲೀಸರನ್ನ ಕರೀರಿ."

"ಯಾವ ಕಾರಣಕ್ಕೂ ಮುಟ್ಟೋ ಹಾಗಿಲ್ಲ!" ಎಂದು ಶಶಿಧರ್ ಅರಚಿದ.

"ಯಾಕಪ್ಪ ಮುಟ್ಟಬಾರ್ದು?" ಉಚ್ಚಂಗಮ್ಮ ಅವನ ಕಡೆ ತಿರುಗಿದಳು. "ಅಷ್ಟು ದುಡ್ಡು ಇಸ್ಕಂಡೀಯ. ಒಬ್ಬ ಹೆಣ್ಣುಮಗಳು ಎಳದ್ರೆ ಬರಾದಾದ್ರೆ ಈಗ್ಲೇ ಬರ್ಲಿ. ಬರ್ಲಿಲ್ಲ ಅಂದ್ರೆ ನಿಂಗೇ ಒಳ್ಳೇದಲ್ಲ? ನೀ ಯಾಕೆ ಹಿಂಗೆ ಬೆವರ್ತೀಯ?" ಬೆಲ್ಟು ಬಿಚ್ಚಿ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡಳು. "ಎಳಿಯವ್ವ."

ನಸೀಬಾ ತೋಳು ಮೇಲಕ್ಕೆ ಮಡಚಿ ವ್ಯಾನಿನೊಳಗೆ ಹತ್ತಿದಳು. ಒಂದು ಪಾದವನ್ನು ಬಾಗಿಲ ಚೌಕಟ್ಟಿಗೆ ಕೊಟ್ಟು, ಸೀಟಿನ ಬೆನ್ನನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ತಾನೇ ಗೆರೆ ಎಳೆದು ರೂಪ ಕೊಟ್ಟ ಬೆನ್ನು. ಎಳೆದಳು. ಕಿರ್ ಎಂದಿತು. ಅಲುಗಲಿಲ್ಲ. ಮುರಳಿ ಹಲ್ಲು ಕಿರಿದ. ಅವಳು ಉಸಿರು ಕಟ್ಟಿ, ಬೆಳಿಗ್ಗೆಯಿಂದ ನುಂಗಿದ್ದನ್ನೆಲ್ಲ ತೋಳಿಗೆ ತಂದುಕೊಂಡು, ಹಿಂದಕ್ಕೆ ಬಿದ್ದಳು.

ಒಣಗಿದ ಕೊಂಬೆ ಮುರಿದಂತೆ ಸದ್ದಾಯಿತು. ಸೀಟು, ಹಲಗೆ, ಪ್ಲೈವುಡ್ಡಿನ ಚೂರುಗಳು, ಎಲ್ಲ ಒಟ್ಟಿಗೆ ಎದ್ದು ಬಂದು ಅವಳ ಮೈಮೇಲೆ ಒರಗಿದವು. ಹಿತ್ತಾಳೆಯ ಒಂದು ಸ್ಕ್ರೂ ಮೆಟ್ಟಿಲಿನಿಂದ ಕೆಳಗುರುಳಿ ಶಿವಯೋಗಿಯ ಬೂಟಿನ ಹತ್ತಿರ ನಿಂತಿತು.

ಮಧು ಹಾರನ್ನಿನ ಮೇಲಿಂದ ಕೈ ತೆಗೆದ. ಶಿವಯೋಗಿ ಸ್ಕ್ರೂವನ್ನು ಹೆಕ್ಕಿ ಅಂಗೈಯಲ್ಲಿಟ್ಟುಕೊಂಡು ನೋಡಿದ. ಅದು ಅವನ ಕಿರುಬೆರಳಿನಷ್ಟೂ ಉದ್ದವಿರಲಿಲ್ಲ. ಅವನು ತಾಯಿಯ ಸೊಂಟದ ಮೇಲಿದ್ದ ಮಗಳ ಕಡೆ ನೋಡಿದ. ಆಮೇಲೆ ಶಶಿಧರನ ಕಡೆ ಹೆಜ್ಜೆ ಹಾಕಿದ.

ಶಶಿಧರ್ ಹಿಂದಕ್ಕೆ ಸರಿಯುತ್ತ ನಸೀಬಾಳ ಮೇಲೆ ಕೂಗಿದ. ಅವನ ಧ್ವನಿಯಲ್ಲಿ ನಿಜವಾದ ದುಃಖವಿತ್ತು. "ನಿಮ್ಮದು ಹಾಗೇ ಇತ್ತಲ್ರೀ! ನಿಮ್ಮ ಗಾಡೀಲೂ ಹಲಗೆ ಇತ್ತು, ನಾಲ್ಕೇ ಸ್ಕ್ರೂ ಇತ್ತು! ಫೋಟೋ ಇದೆ ನನ್ನ ಹತ್ರ! ಅದೇ ಅಂಗಡೀಲಿ ಅದೇ ಸೈಜಿನ ಸ್ಕ್ರೂ ತಂದು ಹಾಕಿದೀವಿ!"

"ಅದು ಶೋಕಿಗೆ ಕಣ್ರೀ!" ನಸೀಬಾ ಸೀಟಿನ ಅಡಿಯಿಂದಲೇ ಅರಚಿದಳು. "ಶೋಕಿಗೆ! ಸೀಟು ನಿಂತಿರೋದು ಕೆಳಗಿನ ಉಕ್ಕಿನ ಮೇಲೆ! ಕದಿಯೋಕೆ ಬಂದ ಮೇಲೆ ಒಂದು ಸಲ ಬಗ್ಗಿ ನೋಡೋಕೆ ಏನಾಗಿತ್ತು ನಿಮಗೆ? ಸೊಂಟ ಉಳುಕ್ತಿತ್ತಾ?"

ವೆಲ್ಡರುಗಳಲ್ಲಿ ಒಬ್ಬ ಕಿಸಕ್ಕೆಂದ. ಶಶಿಧರ್ ತಿರುಗಿ ನೋಡಿದ ಮೇಲೆ ಕನ್ನಡಕ ಇಳಿಸಿಕೊಂಡ.

ಆಮೇಲೆ ಆಗಬೇಕಾದ ಬೈಗುಳವೆಲ್ಲ ಆಯಿತು. ಶಿವಯೋಗಿ ಶಶಿಧರನ ಕೊರಳಪಟ್ಟಿಗೆ ಕೈ ಹಾಕಿದ, ಮುರಳಿ ಬಿಡಿಸಿದ. ಹೀಗೇ ಕೂರಿಸಿದ ಬೇರೆ ಗಾಡಿ ರಸ್ತೆಯ ಮೇಲೆ ಇವೆಯೇ ಎಂದು ನಸೀಬಾ ಕೇಳಿದಳು. ಇದೇ ಮೊದಲನೆಯದು, ಇನ್ನೆರಡು ಶೆಡ್ಡಿನಲ್ಲೇ ಇವೆ ಎಂದ ಶಶಿಧರ್. ಈ ಸಲ ಅವನ ಕಣ್ಣು ನೆಲದ ಮೇಲಿತ್ತು. ದುಡ್ಡು ಬಿಸಾಕು ಎಂದು ಶಿವಯೋಗಿ, ಗಾಡಿ ಸರಿ ಮಾಡಿ ಕೊಡುತ್ತೇನೆ ಎಂದು ಶಶಿಧರ್, ಇಬ್ಬರೂ ಜಗಳವಾಡುತ್ತಲೇ ಆಫೀಸಿನ ಒಳಗೆ ಹೋದರು.

ತಮಿಳು ವೆಲ್ಡರು ಕೈ ಒರೆಸಿಕೊಳ್ಳುತ್ತ ನಸೀಬಾಳ ಹತ್ತಿರ ಬಂದ. "ಅಕ್ಕಾ, ಕೆಳಗೆ ಉಕ್ಕು ಅಂದ್ರಿ ಅಲ್ಲ. ಅದು ಎಂಗೆ? ಚಾಸಿ ವರೆಗೂ ಪೋಗಬೇಕಾ?"

ಅವಳು ಅವನನ್ನು ನೋಡಿದಳು. ಬುರ್ಖಾದ ಜೇಬಿನಲ್ಲಿ ಫೋನು ಬಹಳ ಹೊತ್ತಿನಿಂದ ಅದುರುತ್ತಿತ್ತು. ಮೊಹ್ಸಿನ್ ಮುಖ ಸಣ್ಣ ಮಾಡಿಕೊಂಡು ನಿಂತಿದ್ದ.

"ಆಪಾ, ಇದನ್ನೂ ಹೇಳ್ಕೊಟ್ರೆ ಅಲ್ಲಿ ನಮ್ಮಿಬ್ಬರದ್ದೂ ಮುಗೀತು," ಎಂದ.

"ನಿನ್ನದು ಮುಗಿಯಲ್ಲ. ಎಲ್ಲ ಆಪಾ ಮಾಡಿದ್ದು ಅಂತ ಹೇಳು. ನಿಜಾನೇ ತಾನೆ?"

"ಹೇಳ್ತೀನಿ," ಎಂದ ಮೊಹ್ಸಿನ್. ಎರಡು ಹೆಜ್ಜೆ ಹೋಗಿ ತಿರುಗಿ ಬಂದು, "ಹೇಳಲ್ಲ. ಗಂಡ ಅಂತ ಕರ್ಕೊಂಡು ಬಂದು ಈಗ ಬಿಟ್ಟು ಹೋಗು ಅಂದ್ರೆ? ಹಯಾತ್ ಭಾಯ್‌ಗೆ ಏನು ಮುಖ ತೋರಿಸ್ಲಿ?" ಎಂದು, ಶರ್ಟಿನ ತೋಳು ಮಡಚುತ್ತ ವ್ಯಾನಿಗೆ ಜಾಕು ಹಚ್ಚಲು ಹೋದ.

ನಸೀಬಾ ಒಂದು ಸೀಮೆಸುಣ್ಣದ ತುಂಡು ಕೇಳಿ ತೆಗೆದುಕೊಂಡು ಶೆಡ್ಡಿನ ನೆಲದ ಮೇಲೆ ಮೊಣಕಾಲೂರಿದಳು. ಚಾಸಿಯ ಎರಡು ಗೆರೆ ಎಳೆದಳು. ಅಡ್ಡಕ್ಕೆ ಚೌಕಟ್ಟು ಬರೆದಳು. ಬೋಲ್ಟು ಎಲ್ಲೆಲ್ಲಿ ಬರಬೇಕೋ ಅಲ್ಲಲ್ಲಿ ಸುತ್ತು ಹಾಕಿದಳು. ಯಾವ ಮೂಲೆಗೆ ಬೆಸುಗೆ ಒಳಗಿನಿಂದ, ಯಾವುದಕ್ಕೆ ಹೊರಗಿನಿಂದ, ಎಲ್ಲಿ ಆತುರ ಮಾಡಿದರೆ ಕೆಡುತ್ತದೆ, ಎಲ್ಲವನ್ನೂ ಹೇಳಿದಳು. ಹೇಳುವಾಗಲೂ ಬೈಯುತ್ತಲೇ ಇದ್ದಳು. "ಇಲ್ಲಿ ಸಣ್ಣ ಪಟ್ಟಿ ಹಾಕಿ ಮುಗಿಸಿದ್ರೋ, ಮತ್ತೆ ಬಂದು ಕಿತ್ತು ಹಾಕ್ತೀನಿ ನೋಡಿ. ಮುಗಿದ ಮೇಲೆ ಮರಳು ಮೂಟೆ ಕಟ್ಟಿ ಬ್ರೇಕು ಹೊಡೆಯದೆ ಒಂದು ಗಾಡೀನೂ ಗೇಟು ದಾಟಬಾರದು." ವೆಲ್ಡರುಗಳು ಕುಕ್ಕರಗಾಲಲ್ಲಿ ಕೂತು ತಲೆಯಾಡಿಸಿದರು. ಮುರಳಿಯೂ ಅವರ ಹಿಂದೆ ಬಂದು ನಿಂತ. ಹೋಗಿ ಅವಳಿಗೊಂದು ಲೋಟ ನೀರು ತಂದಿಟ್ಟ.

ಬೆಸುಗೆಯ ನೀಲಿ ಬೆಳಕು ಹೊತ್ತಿಕೊಂಡ ಮೇಲೆ ಅವಳು ಅಂಗಳಕ್ಕೆ ಬಂದಳು. ಕಿತ್ತ ಸೀಟನ್ನು ಯಾರೋ ಹೊಂಗೆಮರದ ಕೆಳಗೆ ತಂದಿಟ್ಟಿದ್ದರು. ಮಗು ಅದರ ಮೇಲೆ ಒಂದು ಕೆನ್ನೆ ಒತ್ತಿ ನಿದ್ದೆ ಹೋಗಿತ್ತು. ಉಚ್ಚಂಗಮ್ಮ ಪಕ್ಕದಲ್ಲಿ ನೆಲದ ಮೇಲೆ ಕಾಲು ಚಾಚಿ ಕೂತು ಸೆರಗಿನಿಂದ ನೊಣ ಓಡಿಸುತ್ತಿದ್ದಳು. ಒಳಗೆ ಆಫೀಸಿನಲ್ಲಿ ಗಂಡಸರ ದನಿ ಇನ್ನೂ ಏರಿ ಇಳಿಯುತ್ತಿತ್ತು.

ಮಗುವಿನ ಕಾಲಿನ ಮೇಲೆ ಬಿಸಿಲು ಬಂದಿತ್ತು. ಉಚ್ಚಂಗಮ್ಮ ಎದ್ದು ಸೀಟಿನ ಒಂದು ಬದಿಗೆ ಕೈ ಹಾಕಿದಳು. ನಸೀಬಾ ಇನ್ನೊಂದು ಬದಿ ಹಿಡಿದಳು. ಸೀಟು ಬಲು ಭಾರವಿತ್ತು. ಇಬ್ಬರೂ ಉಸಿರು ಬಿಗಿಹಿಡಿದು, ಕುಲುಕದ ಹಾಗೆ, ಅದನ್ನು ಗೇಣು ಗೇಣಾಗಿ ನೆರಳಿಗೆ ಸರಿಸಿದರು. ಮಗು ತುಟಿ ಚಪ್ಪರಿಸಿ ಮಗ್ಗುಲು ಬದಲಿಸಿತು. ಎಚ್ಚರವಾಗಲಿಲ್ಲ.